ನಮ್ಮ ಅಕ್ಷಾಂಶದ ಆಕಾಶ

ಖಗೋಳ ಕಲಿಯಲು ಒಳ್ಳೆಯ ಜಾಲತಾಣ ಯಾವುದು ಎಂದು ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ: ನೀವಿರುವುದು ಯಾವ ಊರಿನಲ್ಲಿ?

ಪ್ರಶ್ನೆ ಕುಹಕದ್ದಲ್ಲ. ಅಂತರ್ಜಾಲದಲ್ಲಿ ಸಿಗುವ ಆಕಾಶವೀಕ್ಷಣೆಯ ಪಾಠಗಳಲ್ಲಿ ಬಹುಪಾಲು ಉತ್ತರ ಅಕ್ಷಾಂಶದ 40-50 ಡಿಗ್ರಿಯಲ್ಲಿರುವ ಯುರೋಪ್, ಅಮೆರಿಕದವರಿಗಾಗಿ ಬರೆದವು. ಲಂಡನ್ನಿನಲ್ಲಿ ಧ್ರುವ ನಕ್ಷತ್ರ ಅರ್ಧಾಕಾಶಕ್ಕಿಂತ ಮೇಲಿರುತ್ತದೆ. ಬೆಂಗಳೂರಿನಲ್ಲಿ ದಿಗಂತದಿಂದ ಬರೀ 13 ಡಿಗ್ರಿ, ಎದುರುಮನೆಯ ನೀರಿನ ಟ್ಯಾಂಕೇ ಅದನ್ನು ಮರೆಮಾಡೀತು. ಸಪ್ತರ್ಷಿಗಳು ಮುಳುಗುವುದೇ ಇಲ್ಲ ಎನ್ನುವುದು ಅವರಿಗೆ ಸರಿ, ನಮ್ಮಲ್ಲಿ ಅವು ಹುಟ್ಟಿ ಮುಳುಗುತ್ತವೆ. ಅಂಥ ಪುಟ ನಂಬಿ ತಾರಸಿ ಹತ್ತುವುದು, ಬೇರೆ ಊರಿನ ಬಸ್ ವೇಳಾಪಟ್ಟಿ ಹಿಡಿದು ನಮ್ಮೂರ ನಿಲ್ದಾಣದಲ್ಲಿ ಕಾದಂತೆ.

ಹೊಸಬರಿಗೆ ಎಲ್ಲರೂ ತೋರಿಸುವ ಮೆಸಿಯೇ ಪಟ್ಟಿಯನ್ನೇ ನೋಡಿ. ಧೂಮಕೇತುಗಳ ಬೇಟೆಗಾರ ಶಾರ್ಲ್ ಮೆಸಿಯೇ 18ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಕುಳಿತು ಮಾಡಿದ ಪಟ್ಟಿಯದು; ಇಂದು ಅದರಲ್ಲಿ 110 ಕಾಯಗಳಿವೆ. ಪ್ಯಾರಿಸ್ಸಿನ ದಕ್ಷಿಣ ದಿಗಂತದ ಕೆಳಗೆ ಉಳಿದದ್ದು ಪಟ್ಟಿಯಲ್ಲೂ ಇಲ್ಲ. ಹಾಗಾಗಿ ನಮ್ಮ ಆಕಾಶಗಂಗೆಯ ಅತಿ ದೊಡ್ಡ ಗೋಳಾಕಾರದ ನಕ್ಷತ್ರಗುಚ್ಛ ಒಮೆಗಾ ಸೆಂಟಾರಿಗೆ ಅಲ್ಲಿ ಜಾಗವಿಲ್ಲ. ನಮಗೋ, ಮೇ ತಿಂಗಳ ರಾತ್ರಿ ಹತ್ತರ ಹೊತ್ತಿಗೆ ಅದು ದಕ್ಷಿಣದಲ್ಲಿ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತದೆ. ಊರಾಚೆಯ ಕತ್ತಲಲ್ಲಿ ಬರಿಗಣ್ಣಿಗೇ ಮಸುಕು ಚುಕ್ಕಿ. ಬೈನಾಕ್ಯುಲರ್‌ನಲ್ಲಿ ದುಂಡಗಿನ ಬೆಳಕಿನ ಮುದ್ದೆ. ಅದರ ಬಲಕ್ಕೆ, ಕೆಳಗೆ ತ್ರಿಶಂಕು ನಕ್ಷತ್ರಪುಂಜ.

ಆದ್ದರಿಂದ ಮೊದಲು ಇಳಿಸಿಕೊಳ್ಳಬೇಕಾದದ್ದು ಸ್ಟೆಲೇರಿಯಂ ಎಂಬ ತಂತ್ರಾಂಶ. ಕಂಪ್ಯೂಟರಿಗೆ ಉಚಿತ, ಬ್ರೌಸರ್‌ನಲ್ಲೂ ತೆರೆಯುತ್ತದೆ. ನಿಮ್ಮ ಊರು, ದಿನ, ಗಂಟೆ ಕೊಟ್ಟರೆ ಅಲ್ಲಿಯ ಆಕಾಶವನ್ನೇ ಬಿಡಿಸಿಡುತ್ತದೆ. ಹಗಲಲ್ಲೇ ಸಂಜೆ ಎಂಟಕ್ಕೆ ಗಡಿಯಾರ ಸರಿಸಿ ನಾಲ್ಕು ನಕ್ಷತ್ರ ಗುರುತು ಮಾಡಿಕೊಳ್ಳಿ; ರಾತ್ರಿ ಫೋನ್ ಜೇಬಿನಲ್ಲಿರಲಿ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು-ಮೂವತ್ತು ನಿಮಿಷ ಬೇಕು, ಪರದೆಯ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ.

ಅಕ್ಷಾಂಶದ ಹಂಗಿಲ್ಲದ ಓದಿಗೆ ಮೂರು ಸಾಕು. ನಾಸಾದ 'ದಿನಕ್ಕೊಂದು ಖಗೋಳ ಚಿತ್ರ' 1995ರ ಜೂನ್ 16ರಿಂದ ನಡೆದುಬಂದಿದೆ. ಚಿತ್ರಕ್ಕಿಂತ ಅದರ ಕೆಳಗೆ ವೃತ್ತಿಪರ ಖಗೋಳಜ್ಞರು ಬರೆಯುವ ಪುಟ್ಟ ವಿವರಣೆಗಾಗಿ ನಾನದನ್ನು ಓದುತ್ತೇನೆ. ಕ್ರಮವಾಗಿ ಕಲಿಯಬೇಕೆನ್ನುವವರಿಗೆ ಓಪನ್‌ಸ್ಟಾಕ್ಸ್‌ನ 'ಆಸ್ಟ್ರಾನಮಿ' ಪಠ್ಯಪುಸ್ತಕವಿದೆ, ದುಡ್ಡು ಕೊಡಬೇಕಿಲ್ಲ. ಮೂರನೆಯದು ನಮ್ಮವರದೇ: ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಗಣಕಕ್ಕೇರಿಸಿರುವ ಕೊಡೈಕೆನಾಲ್ ವೀಕ್ಷಣಾಲಯದ ಸೂರ್ಯಚಿತ್ರಗಳು. 20ನೇ ಶತಮಾನದ ಮೊದಲ ದಶಕದಿಂದ ಕೂಡಿಟ್ಟ ಭಂಡಾರವದು. ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಜಾನ್ ಎವರ್‌ಶೆಡ್ 1909ರಲ್ಲಿ ಕಂಡುಹಿಡಿದದ್ದು ಅದೇ ಬೆಟ್ಟದಲ್ಲಿ. ಹನ್ನೊಂದು ವರ್ಷಗಳ ಸೌರಚಕ್ರದ ಬಗ್ಗೆ ಹತ್ತು ಲೇಖನ ಓದುವ ಬದಲು, ಕೆಲವು ವರ್ಷಗಳ ಅಂತರದ ಎರಡು ಚಿತ್ರ ಪಕ್ಕಪಕ್ಕ ತೆರೆದು ಕಲೆಗಳನ್ನು ಎಣಿಸಿ.

ಹೊಸ ತಾಣ ಕಣ್ಣಿಗೆ ಬಿದ್ದರೆ ಅಲ್ಲಿ ಅಗಸ್ತ್ಯನನ್ನು ಹುಡುಕಿ. ರಾತ್ರಿಯ ಆಕಾಶದಲ್ಲಿ ಲುಬ್ಧಕದ ನಂತರ ಅತಿ ಪ್ರಕಾಶದ ನಕ್ಷತ್ರವದು. ಫೆಬ್ರವರಿಯಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಲುಬ್ಧಕದ ನೇರ ಕೆಳಗೆ, ದಕ್ಷಿಣದಲ್ಲಿ ಹೊಳೆಯುತ್ತಿರುತ್ತದೆ. ಲಂಡನ್, ನ್ಯೂಯಾರ್ಕ್‌ಗಳಲ್ಲಿ ಅದು ಉದಯಿಸುವುದೇ ಇಲ್ಲ. 'ಫೆಬ್ರವರಿಯ ನಕ್ಷತ್ರಗಳು' ಎಂಬ ಪುಟದಲ್ಲಿ ಅಗಸ್ತ್ಯನ ಸುದ್ದಿಯೇ ಇಲ್ಲದಿದ್ದರೆ, ಓದಿ ಖುಷಿಪಡಿ. ಅದನ್ನು ನೆಚ್ಚಿ ತಾರಸಿ ಮಾತ್ರ ಹತ್ತಬೇಡಿ.