ಲೋಳೆಯ ಗುಣ ಡಬ್ಬಿಗೆ ಇಳಿಯುವುದಿಲ್ಲ

ಅಣಬೆಯಲ್ಲಿ, ಗಿಡಮೂಲಿಕೆಗಳಲ್ಲಿ ಪಾಲಿಸ್ಯಾಕರೈಡ್ ಇದೆ; ಅದು ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ; ನೈಸರ್ಗಿಕವಾದ್ದರಿಂದ ಅಡ್ಡಪರಿಣಾಮವಿಲ್ಲ. ಔಷಧಿ ಅಂಗಡಿಯ ಕಪಾಟು, ಮೊಬೈಲಿನ ಜಾಹೀರಾತು, ಮನೆಗೇ ಬಂದು ಡಬ್ಬಿ ಮಾರುವ ಪರಿಚಯಸ್ಥರು ಎಲ್ಲರೂ ಈಗ ಈ ಮೂರು ಮಾತುಗಳನ್ನು ಒಂದೇ ಉಸಿರಿಗೆ ಹೇಳುತ್ತಾರೆ. ಓದಿದವರೂ ತಲೆಯಾಡಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲನೆಯ ಮಾತು ನಿಜವಾದರೂ ಅದರಿಂದ ಏನೂ ತಿಳಿಯುವುದಿಲ್ಲ, ಎರಡನೆಯದಕ್ಕೆ ಆಧಾರ ಸಾಲದು, ಮೂರನೆಯದು ತಪ್ಪು. ಪಾಲಿಸ್ಯಾಕರೈಡುಗಳಿಂದ ಆರೋಗ್ಯಕ್ಕೆ ಲಾಭವಿದೆ, ದೊಡ್ಡ ಲಾಭವೇ ಇದೆ. ಆದರೆ ಆ ಲಾಭದ ಬಹುಪಾಲು ಕರುಳಿನೊಳಗೆ, ಊಟದ ಜೊತೆ ಬೆರೆತು, ಗ್ರಾಂ ಲೆಕ್ಕದಲ್ಲಿ ಸಿಗುವಂಥದು. ಮಿಲಿಗ್ರಾಂ ಲೆಕ್ಕದ ಕ್ಯಾಪ್ಸೂಲಿಗೆ ಅದನ್ನು ಇಳಿಸಲು ಹೊರಟವರು ಅದರ ಗುಣವನ್ನೇ ಬಿಟ್ಟು ಹೆಸರನ್ನಷ್ಟೇ ಮಾರುತ್ತಿದ್ದಾರೆ.

ಸಕ್ಕರೆಯ ಪುಟ್ಟ ಅಣುಗಳು ನೂರಾರು, ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಬೆಸೆದುಕೊಂಡ ಸರಪಳಿಯೇ ಪಾಲಿಸ್ಯಾಕರೈಡ್. ಅಕ್ಕಿಯ ಪಿಷ್ಟ ಒಂದು ಪಾಲಿಸ್ಯಾಕರೈಡ್, ಹತ್ತಿಯ ನೂಲು ಇನ್ನೊಂದು, ಅಣಬೆಯ ಬೀಟಾ ಗ್ಲೂಕಾನ್ ಮತ್ತೊಂದು. ಈ ಮೂರೂ ಗ್ಲೂಕೋಸಿನಿಂದಲೇ ಆದವು. ಬೆಸುಗೆಯ ರೀತಿ ಮಾತ್ರ ಬೇರೆ. ಪಿಷ್ಟದ ಬೆಸುಗೆಯನ್ನು ನಮ್ಮ ಜೊಲ್ಲು, ಮೇದೋಜೀರಕ ಗ್ರಂಥಿಯ ರಸ ಸಲೀಸಾಗಿ ಕತ್ತರಿಸುತ್ತವೆ. ಉಳಿದೆರಡನ್ನು ಕತ್ತರಿಸುವ ಕಿಣ್ವ ನಮ್ಮ ದೇಹದಲ್ಲಿಲ್ಲ. ಹಾಗಾಗಿ ‘ಇದರಲ್ಲಿ ಪಾಲಿಸ್ಯಾಕರೈಡ್ ಇದೆ’ ಎಂಬ ಹೊಗಳಿಕೆ ಮೈದಾ ಹಿಟ್ಟಿಗೂ ಸಲ್ಲುತ್ತದೆ. ಅದರ ಮುಕ್ಕಾಲು ಪಾಲು ಪಾಲಿಸ್ಯಾಕರೈಡೇ.

ಡಬ್ಬಿಯ ಮೇಲಿನ ಶೇಕಡಾವಾರು ಲೆಕ್ಕ ನಂಬಿಕೆಗೆ ಅರ್ಹವಲ್ಲದಿರುವುದು ಇದೇ ಕಾರಣಕ್ಕೆ. ಅಣಬೆ ಪುಡಿಯೆಂದು ಮಾರುವ ಎಷ್ಟೋ ಸರಕು ನಾವು ಸಾರಿಗೆ ಹಾಕುವ ಅಣಬೆಯಿಂದ ಬಂದುದಲ್ಲ. ಅಕ್ಕಿಯ ಮೇಲೋ ಓಟ್ಸಿನ ಮೇಲೋ ಶಿಲೀಂಧ್ರದ ಬಿಳಿ ಎಳೆಗಳನ್ನು ಬೆಳೆಸಿ, ಕಾಳಿನ ಸಮೇತ ಒಣಗಿಸಿ ಪುಡಿ ಮಾಡುತ್ತಾರೆ. ಪ್ರಯೋಗಶಾಲೆಗಳಲ್ಲಿ 1956ರಿಂದ ಬಳಕೆಯಲ್ಲಿರುವ ಫೀನಾಲ್–ಸಲ್ಫ್ಯೂರಿಕ್ ಆಮ್ಲದ ಪರೀಕ್ಷೆ ಒಟ್ಟು ಸಕ್ಕರೆಯನ್ನು ಅಳೆಯುತ್ತದೆ. ಅದು ಅಣಬೆಯಿಂದ ಬಂತೋ ಅಕ್ಕಿಯಿಂದ ಬಂತೋ ಎಂದು ಹೇಳಲಾರದು. ಉಳಿದುಹೋದ ಅಕ್ಕಿಯ ಪಿಷ್ಟವೂ ‘ಪಾಲಿಸ್ಯಾಕರೈಡ್’ ಲೆಕ್ಕಕ್ಕೆ ಸೇರಿ, ಕಲಬೆರಕೆ ಹೆಚ್ಚಿದಷ್ಟೂ ಅಂಕಿ ಚೆನ್ನಾಗಿ ಕಾಣಬಹುದು. ಬೀಟಾ ಗ್ಲೂಕಾನ್ ಎಷ್ಟು, ಪಿಷ್ಟ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಯದ ಡಬ್ಬಿ ಕೊಳ್ಳುವವನಿಗೆ ಏನನ್ನೂ ತಿಳಿಸುವುದಿಲ್ಲ.

ಹಾಗಾದರೆ ನಿಜವಾದ ಲಾಭ ಎಲ್ಲಿದೆ? 1978ರಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಗ್ಲೂಕೋಸ್ ನೀರಿನಲ್ಲಿ ಬೇರೆ ಬೇರೆ ನಾರುಗಳನ್ನು ಬೆರೆಸಿ ಕುಡಿಸಿ, ರಕ್ತದಲ್ಲಿ ಸಕ್ಕರೆ ಎಷ್ಟು ಏರುತ್ತದೆಂದು ನೋಡಿದರು. ಹೆಚ್ಚು ಲೋಳೆಯಾಗುವ ನಾರು ಏರಿಕೆಯನ್ನು ಹೆಚ್ಚು ತಡೆಯಿತು. ಎಲ್ಲಕ್ಕಿಂತ ಮುಂದಿದ್ದದ್ದು ಗ್ವಾರ್ ಗೋಂದು, ಅಂದರೆ ನಮ್ಮ ಗೋರಿಕಾಯಿ ಗಿಡದ ಬೀಜದ ಅಂಟು. ಅದೇ ಗೋಂದಿನ ಸರಪಳಿಯನ್ನು ತುಂಡರಿಸಿ, ಲೋಳೆ ಕಟ್ಟದಂತೆ ಮಾಡಿ ಕೊಟ್ಟಾಗ ಪರಿಣಾಮ ಮಾಯವಾಯಿತು. ವಸ್ತು ಅದೇ ಇತ್ತು, ಲೋಳೆ ಮಾತ್ರ ಹೋಗಿತ್ತು.

ಇದೇ ಪಾಠವನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಆರ್. ಡಿ. ಶರ್ಮಾ ಅವರು ಮೆಂತ್ಯದ ಮೇಲೆ ನಡೆಸಿದ ಕೆಲಸವೂ ಕಲಿಸಿತು. 1986ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇಡೀ ಮೆಂತ್ಯದ ಕಾಳು ರಕ್ತದ ಸಕ್ಕರೆಯ ಏರಿಕೆಯನ್ನು ಚೆನ್ನಾಗಿ ತಗ್ಗಿಸಿತು. ಬೇರ್ಪಡಿಸಿದ ಲೋಳೆ, ಬೇಯಿಸಿದ ಕಾಳು ಸಹ ಕೆಲಸ ಮಾಡಿದವು. ಲೋಳೆ ತೆಗೆದ ಕಾಳು ಮತ್ತು ಬೇಯಿಸಿದ ಮೆಂತ್ಯ ಸೊಪ್ಪಿನಿಂದ ಹೇಳಿಕೊಳ್ಳುವಂಥ ಪರಿಣಾಮ ಸಿಗಲಿಲ್ಲ.

ಲೋಳೆಯ ಕೆಲಸದಲ್ಲಿ ಮಾಯಾಮಂತ್ರವೇನಿಲ್ಲ. ಉಂಡ ಅನ್ನವನ್ನು ಅದು ಮಂದವಾಗಿಸುತ್ತದೆ. ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಗ್ಲೂಕೋಸ್ ಕರುಳಿನ ಗೋಡೆಯನ್ನು ತಡವಾಗಿ ತಲುಪುತ್ತದೆ. ಪಿತ್ತರಸದ ಆಮ್ಲಗಳು ಲೋಳೆಯಲ್ಲಿ ಸಿಕ್ಕಿಕೊಂಡು ಮಲದೊಂದಿಗೆ ಹೊರಹೋಗುತ್ತವೆ. ಹೊಸ ಪಿತ್ತರಸ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಎಳೆದುಕೊಳ್ಳುತ್ತದೆ. ಇಸಬಗೋಲಿನ ಹೊಟ್ಟನ್ನು ಕರುಳಿನ ಬ್ಯಾಕ್ಟೀರಿಯಾಗಳು ಹೆಚ್ಚು ತಿನ್ನುವುದಿಲ್ಲ, ಅದು ರಕ್ತಕ್ಕೂ ಸೇರುವುದಿಲ್ಲ. ಆದರೂ ಕೊಲೆಸ್ಟರಾಲ್ ಇಳಿಸುತ್ತದೆ.

ಈ ಕೆಲಸಕ್ಕೆ ಪ್ರಮಾಣ ಬೇಕು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಓಟ್ಸಿಗೆ, 1998ರಲ್ಲಿ ಇಸಬಗೋಲಿಗೆ ಹೃದಯದ ಆರೋಗ್ಯದ ಬಗ್ಗೆ ಹೇಳಿಕೊಳ್ಳಲು ಅವಕಾಶ ಕೊಟ್ಟಾಗ ಅಳತೆಯನ್ನೂ ಗೊತ್ತುಮಾಡಿತು: ದಿನಕ್ಕೆ 3 ಗ್ರಾಂ ಓಟ್ಸಿನ ಬೀಟಾ ಗ್ಲೂಕಾನ್, ಅಥವಾ ಇಸಬಗೋಲಿನಿಂದ 7 ಗ್ರಾಂ ಕರಗುವ ನಾರು. ಶರ್ಮಾ ಮತ್ತು ಸಂಗಡಿಗರು 1990ರಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳಿಗೆ ದಿನಕ್ಕೆ 100 ಗ್ರಾಂ ಕೊಬ್ಬು ತೆಗೆದ ಮೆಂತ್ಯದ ಪುಡಿಯನ್ನು ಎರಡು ಹೊತ್ತಿನ ಊಟದಲ್ಲಿ ಹಂಚಿ ಕೊಟ್ಟಿದ್ದರು. ನಮ್ಮ ಮನೆಗಳಲ್ಲಿ ರಾತ್ರಿ ನೆನೆಹಾಕುವ ಮೆಂತ್ಯ ಒಂದು ಚಮಚ. ಬೆಳಿಗ್ಗೆ ನೀರು ಕುಡಿದು ಕಾಳನ್ನು ಚೆಲ್ಲುವವರೂ ಇದ್ದಾರೆ. ಲೋಳೆಯ ಬಹುಭಾಗ ಚೆಲ್ಲಿದ ಕಾಳಿನಲ್ಲೇ ಉಳಿದಿರುತ್ತದೆ. ಇನ್ನು 500 ಮಿಲಿಗ್ರಾಂ ಕ್ಯಾಪ್ಸೂಲಿನ ಲೆಕ್ಕ: ಒಳಗಿರುವುದೆಲ್ಲ ಶುದ್ಧ ನಾರೆಂದೇ ಇಟ್ಟುಕೊಂಡರೂ 7 ಗ್ರಾಂ ಮುಟ್ಟಲು ದಿನಕ್ಕೆ ಹದಿನಾಲ್ಕು ನುಂಗಬೇಕು.

ಹಾಗೆ ಒಣ ರೂಪದಲ್ಲಿ ನುಂಗುವುದು ಅಪಾಯ ಕೂಡ. ತೂಕ ಇಳಿಸುವ ಮಾತ್ರೆಯೆಂದು ಗ್ವಾರ್ ಗೋಂದನ್ನು ಅಮೆರಿಕದಲ್ಲಿ ಮಾರಿದಾಗ ಅದು ಅನ್ನನಾಳದಲ್ಲೇ ನೀರು ಹೀರಿ ಉಬ್ಬಿ ಸಿಕ್ಕಿಕೊಂಡಿತು. ಅನ್ನನಾಳ ಮತ್ತು ಸಣ್ಣ ಕರುಳು ಕಟ್ಟಿಕೊಂಡ 26 ಪ್ರಕರಣಗಳ ವಿಶ್ಲೇಷಣೆ 1992ರಲ್ಲಿ ಪ್ರಕಟವಾಯಿತು. ಗೋರಿಕಾಯಿಗಿಂತ ನೈಸರ್ಗಿಕವಾದದ್ದು ಯಾವುದಿದೆ? ಪಲ್ಯದಲ್ಲಿ ನಿರಪಾಯವಾಗಿದ್ದ ಗಿಡವೇ ಮಾತ್ರೆಯಾದಾಗ ಶಸ್ತ್ರಚಿಕಿತ್ಸೆಯವರೆಗೂ ಎಳೆದೊಯ್ಯಿತು. ಇಸಬಗೋಲನ್ನು ಸಾಕಷ್ಟು ನೀರಿನ ಜೊತೆಯೇ ತೆಗೆದುಕೊಳ್ಳಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಈಗ ರೋಗನಿರೋಧಕ ಶಕ್ತಿಯ ವಿಚಾರ. ಎದುರು ಪಕ್ಷದ ವಾದ ಇಲ್ಲಿ ಗಟ್ಟಿಯಾಗಿದೆ, ಅದನ್ನು ಪೂರ್ತಿ ಕೇಳಬೇಕು. 1969ರಲ್ಲಿ ಜಪಾನಿನ ಗೋರೋ ಚಿಹಾರಾ ಮತ್ತು ಸಂಗಡಿಗರು ಶಿಟಾಕೆ ಅಣಬೆಯಿಂದ ಲೆಂಟಿನಾನ್ ಎಂಬ ಬೀಟಾ ಗ್ಲೂಕಾನನ್ನು ಬೇರ್ಪಡಿಸಿ, ಇಲಿಗಳ ಗೆಡ್ಡೆಗಳು ಕುಗ್ಗುವುದನ್ನು ತೋರಿಸಿದರು. ಮುಂದೆ ಜಪಾನ್ ಅದನ್ನು ಜಠರದ ಕ್ಯಾನ್ಸರಿಗೆ ಕೀಮೋಥೆರಪಿಯ ಜೊತೆ ಕೊಡಲು ಒಪ್ಪಿತು. ಟರ್ಕಿ ಟೇಲ್ ಅಣಬೆಯಿಂದ ತೆಗೆದ ಪಿಎಸ್‌ಕೆ ಅಲ್ಲಿ 1970ರ ದಶಕದಿಂದಲೂ ಔಷಧವಾಗಿತ್ತು. ಜಠರದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಸುಮಾರು 8,000 ರೋಗಿಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2007ರಲ್ಲಿ ಮಾಡಿದ ವಿಶ್ಲೇಷಣೆ, ಕೀಮೋಥೆರಪಿಯ ಜೊತೆ ಪಿಎಸ್‌ಕೆ ಪಡೆದವರಲ್ಲಿ ಸಾವಿನ ಅಪಾಯ ಶೇ. 12ರಷ್ಟು ಕಡಿಮೆಯಿತ್ತೆಂದು ಹೇಳಿತು.

ಈ ಪುರಾವೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದು ಯಾವುದರ ಪುರಾವೆ ಎಂದು ಗಮನಿಸಬೇಕು. ಲೆಂಟಿನಾನ್ ಕೊಟ್ಟದ್ದು ರಕ್ತನಾಳಕ್ಕೆ ಇಂಜೆಕ್ಷನ್ ಮೂಲಕ. ಪಿಎಸ್‌ಕೆ ಕೊಟ್ಟದ್ದು ಔಷಧ ಕಾರ್ಖಾನೆಯಲ್ಲಿ ಹದಗೊಳಿಸಿದ ರೂಪದಲ್ಲಿ, ದಿನಕ್ಕೆ 3 ಗ್ರಾಂನಷ್ಟು, ಶಸ್ತ್ರಚಿಕಿತ್ಸೆ ಮತ್ತು ಕೀಮೋಥೆರಪಿಯ ಬೆನ್ನಿಗೆ. ಇದರಿಂದ ಅಣಬೆ ಬೆರೆಸಿದ ಕಾಫಿ ಪುಡಿಗೆ ಯಾವ ಯೋಗ್ಯತೆಯೂ ಬರುವುದಿಲ್ಲ. ಲೆಂಟಿನಾನಿನ ಕತೆಯೂ ಅಲ್ಲಿಗೆ ಮುಗಿಯಲಿಲ್ಲ. ಮುಂದುವರಿದ ಜಠರದ ಕ್ಯಾನ್ಸರಿನ 300ಕ್ಕೂ ಹೆಚ್ಚು ರೋಗಿಗಳ ಮೇಲೆ ಜಪಾನಿನಲ್ಲೇ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೊಸ ಕೀಮೋ ಔಷಧದ ಜೊತೆ ಲೆಂಟಿನಾನ್ ಸೇರಿಸಿದರೂ ಬದುಕಿನ ಅವಧಿ ಹೆಚ್ಚಲಿಲ್ಲ. ಜಾಹೀರಾತುಗಳು 1969ರ ಇಲಿಗಳನ್ನು ಇನ್ನೂ ಮರೆತಿಲ್ಲ. 2016ರ ಮನುಷ್ಯರ ಸುದ್ದಿ ಎತ್ತುವುದಿಲ್ಲ.

ಅಷ್ಟಕ್ಕೂ ರೋಗನಿರೋಧಕ ವ್ಯವಸ್ಥೆ ಬೀಟಾ ಗ್ಲೂಕಾನಿಗೆ ಪ್ರತಿಕ್ರಿಯಿಸುವುದು ಏಕೆ? ಅದು ಶಿಲೀಂಧ್ರದ ಕೋಶದ ಗೋಡೆಯ ವಸ್ತು, ಸೋಂಕಿನ ಗುರುತು. ಅದನ್ನು ಪತ್ತೆಹಚ್ಚುವ ಡೆಕ್ಟಿನ್-1 ಎಂಬ ಗ್ರಾಹಕವನ್ನು ಗಾರ್ಡನ್ ಬ್ರೌನ್ ಮತ್ತು ಸೈಮನ್ ಗಾರ್ಡನ್ 2001ರಲ್ಲಿ ಗುರುತಿಸಿದರು. ರೋಗಿಯ ರಕ್ತದಲ್ಲಿ ಬೀಟಾ ಗ್ಲೂಕಾನ್ ಹೆಚ್ಚಾಗಿ ಕಂಡರೆ ಆಸ್ಪತ್ರೆಯಲ್ಲಿ ಶಿಲೀಂಧ್ರದ ಸೋಂಕು ಒಳಗಿಳಿದಿದೆಯೇ ಎಂದು ಅನುಮಾನಿಸುತ್ತಾರೆ. ಈ ವ್ಯವಸ್ಥೆಯನ್ನು ಕೆರಳಿಸುವುದೇ ಆರೋಗ್ಯವಾಗಿದ್ದರೆ ಸಂಧಿವಾತದವರಿಗೆ, ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಿಗೆ ಅದನ್ನು ತಗ್ಗಿಸುವ ಔಷಧ ಕೊಡಬೇಕಾಗಿರಲಿಲ್ಲ. ಅದು ಹದದಲ್ಲಿರಬೇಕಾದ ವ್ಯವಸ್ಥೆ. ‘ಹೆಚ್ಚಿಸುತ್ತೇವೆ’ ಎನ್ನುವವರು ಎಷ್ಟು, ಯಾವ ದಿಕ್ಕಿಗೆ ಎಂದು ಹೇಳುವುದೇ ಇಲ್ಲ.

ನಮ್ಮ ಊಟವೆಲ್ಲ ಸರಿ, ಡಬ್ಬಿಯೆಲ್ಲ ತಪ್ಪು ಎಂಬ ಸುಲಭದ ಹೆಮ್ಮೆಗೂ ನಾನು ಜಾಗ ಕೊಡಲಾರೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆದರೆ ರಾಗಿಯ ನಾರಿನ ಬಹುಪಾಲು ಕರಗದ ಜಾತಿಯದು, ಲೋಳೆ ಕಟ್ಟುವಂಥದು ಸ್ವಲ್ಪವೇ. ಹಿಟ್ಟನ್ನು ನುಣ್ಣಗೆ ಬೀಸಿ, ಜರಡಿ ಹಿಡಿದು ಗಂಜಿ ಮಾಡಿ ಕುಡಿದರೆ ಸಕ್ಕರೆ ಬೇಗನೇ ಏರಬಹುದು. ಮೊಳಕೆ ಬರಿಸಿದ ರಾಗಿಯಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟದ ಸರಪಳಿಯನ್ನು ಕಡಿಯುವುದರಿಂದ ಗಂಜಿ ತೆಳುವಾಗುತ್ತದೆ. ಮಗುವಿಗೆ ಅದು ವರ: ಕಡಿಮೆ ನೀರಿನಲ್ಲಿ ಹೆಚ್ಚು ಹಿಟ್ಟು ಉಣಿಸಬಹುದು. ಮೈಸೂರಿನ ಸಿಎಫ್‌ಟಿಆರ್‌ಐ ಮೊಳಕೆ ರಾಗಿಯ ಶಿಶು ಆಹಾರದ ಮೇಲೆ ಕೆಲಸ ಮಾಡಿದ್ದು ಈ ಗುಣವನ್ನು ನಂಬಿಯೇ. ಮಧುಮೇಹಿಗೆ ಅದೇ ಗಂಜಿ ಹಿತವೆಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ಕಾಳು ಒಂದೇ ಆದರೂ ಅದನ್ನು ಹೇಗೆ ಹದ ಮಾಡಿದೆವು ಎಂಬುದು ಫಲವನ್ನು ನಿರ್ಧರಿಸುತ್ತದೆ.

‘ತೆಗೆದುಕೊಂಡರೆ ನಷ್ಟವೇನು?’ ಎಂದು ಕೇಳುವವರಿದ್ದಾರೆ. ನಷ್ಟವಿದೆ. ಕ್ಯಾನ್ಸರಿನ ಹೆಸರು ಕೇಳಿ ಕಂಗೆಟ್ಟ ಮನೆಯವರು ಚಿಕಿತ್ಸೆಗೆಂದು ಕೂಡಿಟ್ಟ ಹಣವನ್ನು ಪುಡಿಗೆ ಸುರಿಯುತ್ತಾರೆ. ಕೆಲವರು ವೈದ್ಯರಿಗೆ ತಿಳಿಸದೆ ಔಷಧದ ಜೊತೆ ಸೇರಿಸುತ್ತಾರೆ, ಇನ್ನು ಕೆಲವರು ಔಷಧವನ್ನೇ ಮುಂದೂಡುತ್ತಾರೆ. ಭಾರತದಲ್ಲಿ ಇಂಥ ಪೂರಕಗಳ ಮೇಲೆ ‘ಔಷಧವಾಗಿ ಬಳಸಲು ಅಲ್ಲ’ ಎಂಬ ಸೂಚನೆ ಇರಬೇಕೆಂದು 2016ರ ನಿಯಮಗಳು ಹೇಳುತ್ತವೆ. ಚೀಟಿಯ ಮೇಲೆ ಸಣ್ಣಕ್ಷರದಲ್ಲಿ ಆ ಸೂಚನೆ, ಮಾರುವವರ ಬಾಯಲ್ಲಿ ಅದಕ್ಕೆ ತದ್ವಿರುದ್ಧವಾದ ಮಾತು. ಈ ಎರಡು ನಾಲಿಗೆಯನ್ನು ನಿಯಂತ್ರಕರು ಸಹಿಸಬಾರದು. ಪಿಷ್ಟ ಮತ್ತು ಬೀಟಾ ಗ್ಲೂಕಾನಿನ ಪ್ರಮಾಣವನ್ನು ಬೇರೆ ಬೇರೆಯಾಗಿ ಮುದ್ರಿಸುವುದನ್ನು ಕಡ್ಡಾಯ ಮಾಡಿದರೆ ಅರ್ಧ ಮೋಸ ಅಲ್ಲಿಗೇ ನಿಲ್ಲುತ್ತದೆ.

ಅಲ್ಲಿಯವರೆಗೆ ಕೊಳ್ಳುವವರು ಕೇಳಬೇಕಾದದ್ದನ್ನು ಕೇಳಲಿ: ಇದು ಯಾವ ಪಾಲಿಸ್ಯಾಕರೈಡ್, ದಿನಕ್ಕೆ ಎಷ್ಟು ಗ್ರಾಂ ಸಿಗುತ್ತದೆ, ಬಾಯಿಂದ ಸೇವಿಸಿದ ಮನುಷ್ಯರಲ್ಲಿ ಏನು ಕಂಡುಬಂದಿದೆ? ಉತ್ತರ ಬಾರದಿದ್ದರೆ ಹಣ ಜೇಬಿನಲ್ಲೇ ಉಳಿಯಲಿ. ಅದೇ ಹಣಕ್ಕೆ ಬೇಳೆ, ಕಾಳು, ಗೋರಿಕಾಯಿ, ಬೆಂಡೆಕಾಯಿ, ಓಟ್ಸ್, ವಾರಕ್ಕೊಮ್ಮೆ ತಾಜಾ ಅಣಬೆ ಮನೆಗೆ ಬರುತ್ತವೆ. ಆ ಊಟವನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಂಡವರಿಗೆ ಪಾಲಿಸ್ಯಾಕರೈಡುಗಳ ಲಾಭ ಸಿಕ್ಕೇ ಸಿಗುತ್ತದೆ.