ಬೇರಿಂಗ್ ಬದಲಾಗದಿದ್ದರೆ

ಈ ವಾರ ಮಂಜಿನಲ್ಲಿ ಊದುವ ಸೀಟಿಗಳ ಬಗ್ಗೆ ಬರೆಯುವವನಿದ್ದೆ. ಅಷ್ಟರಲ್ಲಿ ಓದುಗರೊಬ್ಬರ ಪತ್ರ ಬಂತು: ರೇಡಾರ್, ಹಡಗಿನ ಗುರುತು, ಸ್ಥಾನವನ್ನು ತಾನಾಗಿ ಬಿತ್ತರಿಸುವ ಎಐಎಸ್ ಎಲ್ಲ ಇರುವಾಗ ಬ್ರಿಜ್ ಮೇಲೆ ಕಣ್ಣು ನೆಟ್ಟು ನಿಲ್ಲುವ ಲುಕ್‌ಔಟ್ ಇನ್ನೂ ಯಾಕೆ? ಸೀಟಿ ಕಾಯಲಿ, ಇದಕ್ಕೆ ಉತ್ತರ ಹೇಳಲೇಬೇಕು.

1956ರ ಜುಲೈ 25ರ ರಾತ್ರಿ ಅಮೆರಿಕದ ನಾಂಟಕೆಟ್ ದ್ವೀಪದಾಚೆ ಇಟಲಿಯ 'ಆಂಡ್ರಿಯಾ ಡೋರಿಯಾ', 'ಸ್ಟಾಕ್‌ಹೋಮ್' ಎಂಬ ಎರಡೂ ಹಡಗುಗಳು ಒಂದನ್ನೊಂದು ರೇಡಾರಿನಲ್ಲಿ ಕಂಡಿದ್ದವು. ಒಂದರ ಲೆಕ್ಕ ಎಡಗಡೆಯಿಂದ ದಾಟುವುದು, ಇನ್ನೊಂದರದು ಬಲಗಡೆಯಿಂದ. ಮಂಜಿನಲ್ಲೂ ಇಟಲಿಯ ಹಡಗು ವೇಗ ಇಳಿಸಿದ್ದು ಹೆಸರಿಗಷ್ಟೆ. ಪರದೆಯ ಚುಕ್ಕೆ ಎತ್ತ ಸಾಗುತ್ತಿದೆಯೆಂದು ಅದರಲ್ಲಿ ಯಾರೂ ಗುರುತು ಹಾಕಿ ನೋಡಲಿಲ್ಲ. ದೀಪಗಳು ಕಣ್ಣಿಗೆ ಬೀಳುವಷ್ಟರಲ್ಲಿ ಒಂದು ಬಲಕ್ಕೆ ತಿರುಗಿತು, ಇನ್ನೊಂದು ಎಡಕ್ಕೆ. ಸತ್ತವರು 51 ಮಂದಿ. ಅರೆಬರೆ ಮಾಹಿತಿಯ ಮೇಲೆ, ಅದರಲ್ಲೂ ರೇಡಾರಿನ ಅರೆಬರೆ ಮಾಹಿತಿಯ ಮೇಲೆ, ಊಹೆ ಕಟ್ಟಬೇಡಿ ಎಂದು ಸಮುದ್ರದಲ್ಲಿ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಾವಳಿಯ 7ನೇ ನಿಯಮ ಹೇಳುವುದು ಸುಮ್ಮನೆ ಅಲ್ಲ.

ಅದೇ ನಿಯಮ ಕೊಡುವ ಪರೀಕ್ಷೆ ಎಷ್ಟು ಸರಳ ನೋಡಿ. ಎದುರಿನ ಹಡಗಿನ ಬೇರಿಂಗ್, ಅಂದರೆ ಅದು ಕಾಣುವ ದಿಕ್ಕು, ದಿಕ್ಸೂಚಿಯಲ್ಲಿ 040 ಡಿಗ್ರಿ. ಮೂರು ನಿಮಿಷ ಬಿಟ್ಟು ನೋಡಿದರೂ 040, ದೂರ ಮಾತ್ರ ಕಡಿಮೆ. ಹಾಗಾದರೆ ಡಿಕ್ಕಿಯ ದಾರಿಯಲ್ಲೇ ಇದ್ದೀರಿ. ಅದು ನಿಮ್ಮ ಬಲಗಡೆ ಅಡ್ಡ ಬರುತ್ತಿದ್ದರೆ ದಾರಿ ಬಿಡಬೇಕಾದವರು ನೀವು: ಬೇಗ ತಿರುಗಿ, ಅವರಿಗೆ ಕಾಣುವಷ್ಟು ತಿರುಗಿ. ಐದೈದು ಡಿಗ್ರಿ ಕದಲಿಸುವ ಜಿಪುಣತನ ಬೇಡ. ಹತ್ತಿರದ ದೊಡ್ಡ ಹಡಗಾದರೆ ಬೇರಿಂಗ್ ಸ್ವಲ್ಪ ಬದಲಾದರೂ ಅಪಾಯ ತಪ್ಪಿರುವುದಿಲ್ಲ.

ಇದನ್ನು ಬಿಟ್ಟು ವಿಎಚ್‌ಎಫ್ ರೇಡಿಯೊ ಹಿಡಿದು "ನೀವು ಆ ಕಡೆ, ನಾವು ಈ ಕಡೆ" ಎಂದು ಒಪ್ಪಂದ ಮಾಡಿಕೊಳ್ಳುವ ಚಾಳಿಯನ್ನು ನಾನು ಮೊದಲಿನಿಂದ ವಿರೋಧಿಸುತ್ತ ಬಂದಿದ್ದೇನೆ. ಕತ್ತಲಲ್ಲಿ ಉತ್ತರ ಕೊಟ್ಟದ್ದು ಯಾವ ಹಡಗು? ಅದು ಖಾತ್ರಿಯಾಗುವ ಹೊತ್ತಿಗೆ ತಿರುಗಬೇಕಾದ ಸಮಯ ಕಳೆದಿರುತ್ತದೆ. ಬ್ರಿಟನ್ನಿನ ಸಮುದ್ರಯಾನ ಇಲಾಖೆಯೂ ಈ ಅಪಾಯದ ಬಗ್ಗೆ ಎಚ್ಚರಿಸಿದೆ.

ಓದುಗರ ಪ್ರಶ್ನೆಗೆ ಉತ್ತರ ನಮ್ಮ ಕರಾವಳಿಯಲ್ಲೂ ಇದೆ. 2021ರ ಏಪ್ರಿಲ್‌ನಲ್ಲಿ ಮಂಗಳೂರಿನಾಚೆ ಮೀನುಗಾರಿಕೆ ಬೋಟಿಗೂ ಸರಕು ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಮಂದಿಯಲ್ಲಿ ಬದುಕಿ ಬಂದವರು ಇಬ್ಬರೇ. ನಮ್ಮ ಕರಾವಳಿಯ ಸಣ್ಣ ಬೋಟುಗಳಲ್ಲಿ ಎಷ್ಟೋ ಎಐಎಸ್ ಪರದೆಯಲ್ಲಿ ಕಾಣುವುದಿಲ್ಲ. ಅಲೆ ಎದ್ದಾಗ ಮರದ ಬೋಟು ರೇಡಾರಿಗೂ ಸರಿಯಾಗಿ ಸಿಗುವುದಿಲ್ಲ. ಕಣ್ಣು, ಕಿವಿಯ ಕಾವಲನ್ನು 5ನೇ ನಿಯಮ ಪ್ರತಿ ಹಡಗಿಗೂ ಕಡ್ಡಾಯ ಮಾಡಿದೆ, ಬೋಟಿಗೂ ವಿನಾಯಿತಿಯಿಲ್ಲ. ಆ ಕಣ್ಣಿಗೆ ಬೀಳುವಂತೆ ಬಲೆ ಎಳೆಯುವ ಬೋಟು ಬಿಳಿ ದೀಪದ ಮೇಲೆ ಹಸಿರು ದೀಪ ಉರಿಸಬೇಕು. ಮೀನು ಆರಿಸಲು ಹಾಕುವ ಡೆಕ್ಕಿನ ಪ್ರಖರ ಬೆಳಕಿನಲ್ಲಿ ಆ ಹಸಿರು ಮುಳುಗಿಹೋಗುತ್ತದೆ. ಬೋಟಿನವರೇ, ಆ ಬಲ್ಬುಗಳಿಗೆ ಮರೆ ಕಟ್ಟಿ, ಬೆಳಕು ಡೆಕ್ಕಿನ ಮೇಲಷ್ಟೇ ಬೀಳಲಿ.