ಆ ವರ್ಷದ ಸಿನಿಮಾ ಯಾವುದು?

1972ರಲ್ಲಿ ಬಂದ ಕನ್ನಡ ಚಿತ್ರಗಳಲ್ಲಿ ಯಾವುದು ದೊಡ್ಡದು ಎಂದು ಅರವತ್ತು ದಾಟಿದ ಸಿನಿಮಾಪ್ರಿಯರನ್ನು ಕೇಳಿದರೆ ಯಾರೂ ಉತ್ತರಕ್ಕೆ ತಡಕಾಡುವುದಿಲ್ಲ. ಒಬ್ಬರು ‘ಬಂಗಾರದ ಮನುಷ್ಯ’ ಎನ್ನುತ್ತಾರೆ. ಪಕ್ಕದವರು ‘ನಾಗರಹಾವು’ ಎನ್ನುತ್ತಾರೆ. ಆಮೇಲೆ ಮಾತು ನಿಲ್ಲುವುದು ಕಷ್ಟ. ರಾಜೀವಪ್ಪ ತನ್ನವರಿಗಾಗಿ ಸವೆದದ್ದು ಹೆಚ್ಚೋ, ರಾಮಾಚಾರಿ ಯಾರಿಗೂ ಬಗ್ಗದೆ ಬದುಕನ್ನೇ ಕಳೆದುಕೊಂಡದ್ದು ಹೆಚ್ಚೋ? ಸಿದ್ದಲಿಂಗಯ್ಯನವರು ಸಲೀಸಾಗಿ ಕಥೆ ಹೇಳುವ ರೀತಿ ಮೇಲೋ, ಚಿತ್ರದುರ್ಗದ ಬಂಡೆಗಳಿಗೂ ಪಾತ್ರ ಕೊಟ್ಟ ಪುಟ್ಟಣ್ಣನವರ ಕಣ್ಣು ಮೇಲೋ? ಟಿ.ಕೆ. ರಾಮರಾಯರ ಕಾದಂಬರಿ ಒಂದು ಕಡೆ, ತ.ರಾ.ಸು. ಅವರ ಮೂರು ಕಾದಂಬರಿಗಳು ಇನ್ನೊಂದು ಕಡೆ. ಐವತ್ತು ವರ್ಷ ಕಳೆದರೂ ಈ ವಾದ ತೀರಿಲ್ಲ. ತೀರದಿರಲಿ ಎಂದೇ ನನ್ನ ಆಸೆ.

ಒಂದು ವರ್ಷವನ್ನು ಹಿಡಿದು ಅದರ ಚಿತ್ರಗಳನ್ನು ಎದುರುಬದುರು ಕೂರಿಸುವ ಈ ಅಭ್ಯಾಸವನ್ನು ಹರಟೆಯೆಂದು ತಳ್ಳಿಹಾಕುವವರಿದ್ದಾರೆ. ಕನ್ನಡದ ಸಾಮಾನ್ಯ ಪ್ರೇಕ್ಷಕ ಯಾರ ಪಾಠವೂ ಇಲ್ಲದೆ ಕಟ್ಟಿಕೊಂಡ ವಿಮರ್ಶಾ ಪರಂಪರೆ ಇದು ಎಂದು ನಾನು ನಂಬಿದ್ದೇನೆ. ಅಣ್ಣಾವ್ರು ದೊಡ್ಡವರೋ ಸಾಹಸಸಿಂಹ ದೊಡ್ಡವರೋ ಎಂಬ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಬೀದಿ, ಮನೆ, ಗೆಳೆಯರ ಗುಂಪು ಸೇರಿ ಅದನ್ನು ಚಿಕ್ಕಂದಿನಲ್ಲೇ ತೀರ್ಮಾನಿಸಿರುತ್ತವೆ. ‘1983ಕ್ಕೆ ಯಾವುದು?’ ಎಂದು ಕೇಳಿದರೆ ಹಾಗಾಗುವುದಿಲ್ಲ. ‘ಕಾಮನಬಿಲ್ಲು’, ‘ಭಕ್ತ ಪ್ರಹ್ಲಾದ’, ‘ಎರಡು ನಕ್ಷತ್ರಗಳು’, ‘ಕವಿರತ್ನ ಕಾಳಿದಾಸ’ ನಾಲ್ಕೂ ಆ ವರ್ಷದವೇ, ನಾಲ್ಕರಲ್ಲೂ ರಾಜ್‌ಕುಮಾರ್ ಇದ್ದಾರೆ. ಕಟ್ಟಾ ಅಭಿಮಾನಿಯೂ ಮೂರನ್ನು ಕೆಳಗಿಡಲೇಬೇಕು. ತನ್ನ ನಾಯಕನ ಚಿತ್ರವೊಂದು ಇನ್ನೊಂದರ ಮುಂದೆ ಸೋತಿದೆ ಎಂದು ಅವನು ಬಾಯಿಬಿಟ್ಟು ಹೇಳುವಲ್ಲಿಂದ ವಿಮರ್ಶೆ ಶುರು. ನಟನಿಂದ ಬಿಡಿಸಿ ಅಭಿಮಾನಿಯನ್ನು ಚಿತ್ರದ ಮುಂದೆ ನಿಲ್ಲಿಸುವ ಕೆಲಸವನ್ನು ಬೇರಾವ ಪ್ರಶ್ನೆಯೂ ಇಷ್ಟು ಸುಲಭವಾಗಿ ಮಾಡಿದ್ದನ್ನು ನಾನು ಕಂಡಿಲ್ಲ.

ಬೆಂಗಳೂರಿನಲ್ಲಿ ನಾನಿರುವ ಕಗ್ಗದಾಸಪುರದ ಕಡೆ ಈ ಅಭ್ಯಾಸಕ್ಕೆ ಬೇರೆಯದೇ ಬಣ್ಣವಿದೆ. ಕನ್ನಡ ಚಿತ್ರಗಳ ರಾಜಧಾನಿ ಮೆಜೆಸ್ಟಿಕ್, ಅಂದರೆ ಕೆಂಪೇಗೌಡ ರಸ್ತೆ. 1971ರಲ್ಲಿ ಹುಟ್ಟಿದ ಸುಚಿತ್ರಾ ಫಿಲ್ಮ್ ಸೊಸೈಟಿ ನೆಲೆಯೂರಿದ್ದು ಬನಶಂಕರಿಯಲ್ಲಿ. ಊರಿನ ಪೂರ್ವಕ್ಕೆ ಇವೆರಡೂ ದೂರ. ದಂಡಿನ ಪ್ಲಾಜಾ, ರೆಕ್ಸ್, ಲಿಡೊಗಳು ಹೆಸರಾದದ್ದು ಇಂಗ್ಲಿಷ್ ಚಿತ್ರಗಳಿಗೆ. ಹಲಸೂರು, ಶಿವಾಜಿನಗರದಲ್ಲಿ ತಮಿಳು, ಹಿಂದಿ ಚಿತ್ರಗಳಿಗೆ ಜನ ಸೇರುತ್ತಿದ್ದರು. ಈ ಭಾಗದಲ್ಲಿ ಕನ್ನಡದ ಮಾತು ಗಟ್ಟಿಯಾಗಿ ಕೇಳಿಸಿದ್ದರಲ್ಲಿ ಎಚ್‌ಎಎಲ್, ಐಟಿಐ, ಈಗ ಮುಚ್ಚಿರುವ ಎನ್‌ಜಿಇಎಫ್, ಸಿ.ವಿ. ರಾಮನ್ ನಗರದ ಡಿಆರ್‌ಡಿಒ ಪ್ರಯೋಗಾಲಯಗಳ ನೌಕರರ ಪಾಲು ದೊಡ್ಡದು. ಕಾರ್ಖಾನೆಯ ಕನ್ನಡ ಸಂಘ, ರಾಜ್ಯೋತ್ಸವ, ಊಟದ ವೇಳೆಯ ಸಿನಿಮಾ ಚರ್ಚೆ ಎಲ್ಲ ಒಟ್ಟಿಗೇ ಬೆಳೆದವು. ಇಲ್ಲಿಂದ ಮೆಜೆಸ್ಟಿಕ್ಕಿಗೆ ಹೋಗಿ ಸಿನಿಮಾ ನೋಡಿ ಬರುವುದೆಂದರೆ ಶಿವಾಜಿನಗರದಲ್ಲಿ ಬಸ್ಸು ಬದಲಿಸಿ ಅರ್ಧ ದಿನ ಕಳೆಯುವ ಕೆಲಸ. ಹಾಗಾಗಿ ಬಂದದ್ದನ್ನೆಲ್ಲ ನೋಡುವಂತಿರಲಿಲ್ಲ. ಆರಿಸಿ ನೋಡಬೇಕು, ಆರಿಸಿದ್ದಕ್ಕೆ ಕಾರಣ ಹೇಳಬೇಕು. 2016ರ ಏಪ್ರಿಲ್ ಕೊನೆಗೆ ಮೆಟ್ರೊ ನಮ್ಮನ್ನು ನೇರವಾಗಿ ಮೆಜೆಸ್ಟಿಕ್ಕಿಗೆ ಮುಟ್ಟಿಸಿತು. ಅಷ್ಟರಲ್ಲಿ ಅಲ್ಲಿನ ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿದ್ದವು, ಕಪಾಲಿಯೂ ಹೆಚ್ಚು ದಿನ ಉಳಿಯಲಿಲ್ಲ. ಇದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಈ ಅಭ್ಯಾಸದ ಶಕ್ತಿ ಎಷ್ಟೆಂದು ತಿಳಿಯಲು 1975 ಒಂದೇ ಸಾಕು. ಬಿ.ವಿ. ಕಾರಂತರ ‘ಚೋಮನ ದುಡಿ’, ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’, ಪುಟ್ಟಣ್ಣನವರ ‘ಶುಭಮಂಗಳ’, ರಾಜ್ ಅವರ ‘ಮಯೂರ’ ಎಲ್ಲವೂ ಆ ವರ್ಷ ಬಂದವು. ಮೊದಲನೆಯದು ಸ್ವರ್ಣಕಮಲ ಪಡೆಯಿತು, ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ತಂದಿತು. ಆಗಿನ ಪತ್ರಿಕೆಗಳಿಗೆ ಕಲಾತ್ಮಕ ಚಿತ್ರದ ಪುಟವೇ ಬೇರೆ, ಗಾಂಧಿನಗರದ ಚಿತ್ರದ ಪುಟವೇ ಬೇರೆ. ಸರ್ಕಾರದ ಸಬ್ಸಿಡಿ, ಫಿಲ್ಮ್ ಸೊಸೈಟಿಗಳು, ಅಭಿಮಾನಿ ಸಂಘಗಳು, ಹಂಚಿಕೆದಾರರು ಎಲ್ಲರೂ ಈ ಗೋಡೆಯನ್ನು ಕಾಪಾಡಿಕೊಂಡು ಬಂದರು. ವರ್ಷದ ವಾದಕ್ಕೆ ಕುಳಿತವನಿಗೆ ಗೋಡೆಯ ಗೊಡವೆ ಇಲ್ಲ. ಚೋಮನ ಮೌನವನ್ನೂ ಮಯೂರನ ಗರ್ಜನೆಯನ್ನೂ ಅವನು ಒಂದೇ ಮೇಜಿನ ಮೇಲಿಟ್ಟು ನೋಡುತ್ತಾನೆ. ನಮ್ಮ ಕಡೆ ಅದೇ ಮೇಜಿಗೆ ಬಾಲಚಂದರ್ ಅವರ ‘ಅಪೂರ್ವ ರಾಗಂಗಳ್’ ಬರುತ್ತದೆ, ರಾಮನಗರದ ಬೆಟ್ಟಗಳಲ್ಲಿ ತೆಗೆದ ‘ಶೋಲೆ’ಯೂ ಬರುತ್ತದೆ. ಒಂದೇ ವರ್ಷ, ಐವತ್ತು ಕಿಲೋಮೀಟರಿನಾಚೆ ಗಬ್ಬರ್ ಸಿಂಗ್. ತೆರೆಯ ಮೇಲೆ ಎತ್ತು ಕಟ್ಟಿ ಉಳುವ ನೆಲಕ್ಕಾಗಿ ಹಂಬಲಿಸುವ ಚೋಮ. ಇವೆರಡನ್ನೂ ಒಟ್ಟಿಗೆ ನೆನೆದಾಗ ‘ಚೋಮನ ದುಡಿ’ಯ ಬಡತನ ಎಷ್ಟು ನಿಜವೆಂಬುದು ಎದೆಗೆ ನಾಟುತ್ತದೆ. ಕಲಾತ್ಮಕ ಚಿತ್ರಗಳ ಉತ್ಸವದಲ್ಲಿ ಅದನ್ನು ನೋಡಿದ್ದರೆ ಹಾಗೆ ನಾಟುತ್ತಿತ್ತೋ ಇಲ್ಲವೋ.

ಇಷ್ಟು ಹೇಳಿದ ಮೇಲೆ ಈ ಪರಂಪರೆಯ ಕೊರತೆಗಳನ್ನೂ ನೇರವಾಗಿ ಹೇಳಬೇಕು. ಮೊದಲನೆಯದು ಅಳತೆಗೋಲಿನದು. ಬಹುಕಾಲ ವರ್ಷದ ಚಿತ್ರವನ್ನು ತೀರ್ಮಾನಿಸಿದ್ದು ದಿನಗಳ ಲೆಕ್ಕ: ಐವತ್ತು ದಿನ, ಶತದಿನ, ಇಪ್ಪತ್ತೈದು ವಾರ. ‘ಬಂಗಾರದ ಮನುಷ್ಯ’ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದನ್ನು ಅಭಿಮಾನಿಗಳು ಇಂದಿಗೂ ಸಾಕ್ಷಿಯಾಗಿ ಮುಂದಿಡುತ್ತಾರೆ. ‘ಮುಂಗಾರು ಮಳೆ’ ಮಲ್ಟಿಪ್ಲೆಕ್ಸಿನಲ್ಲೇ ವರ್ಷಕ್ಕೂ ಮಿಗಿಲಾಗಿ ನಿಂತದ್ದನ್ನೂ ಹಾಗೆಯೇ. ಆ ಲೆಕ್ಕದಲ್ಲಿ ಒಂದು ಅರ್ಥವಿತ್ತು, ಜನ ಮತ್ತೆ ಮತ್ತೆ ಬಂದರೆಂಬುದಕ್ಕೆ ಅದು ಗುರುತು. ಈಗ ಆ ಜಾಗಕ್ಕೆ ಕೋಟಿಗಳು ಬಂದಿವೆ. 2022ರ ‘ಕೆಜಿಎಫ್ 2’ ಸಾವಿರ ಕೋಟಿ ದಾಟಿತೆಂಬ ಸುದ್ದಿಯಲ್ಲಿ ಎಷ್ಟು ಜನ ಎರಡನೇ ಸಲ ನೋಡಿದರೆಂಬುದು ತಿಳಿಯುವುದಿಲ್ಲ; ಟಿಕೆಟ್ಟಿನ ಬೆಲೆ, ತೆರೆಗಳ ಸಂಖ್ಯೆ, ನಾಲ್ಕು ಭಾಷೆಗಳ ಡಬ್ಬಿಂಗ್ ಎಲ್ಲ ಅದರೊಳಗೆ ಕಲಸಿಹೋಗಿವೆ. ಕಲೆಕ್ಷನ್ ಹಿಡಿದು ವಾದಿಸುವವನು ನಿರ್ಮಾಪಕನ ಲೆಕ್ಕಿಗನ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದಾನೆ. ಅವನ ಚಿತ್ರಪ್ರೀತಿ ಅದಕ್ಕಿಂತ ದೊಡ್ಡದು, ಅದನ್ನು ಅವನು ಮರೆಯಬಾರದು.

ಎರಡನೆಯದು ಕ್ಯಾಲೆಂಡರಿನದು. ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಂತಿಲ್ಲ. ‘ನಾಗರಹಾವು’ ತೆರೆಗೆ ಬಂದದ್ದು 1972ರ ಡಿಸೆಂಬರ್ 29ಕ್ಕೆ. ‘ಬಂಗಾರದ ಮನುಷ್ಯ’ ಬಂದದ್ದು ಅದೇ ವರ್ಷದ ಮಾರ್ಚ್ 31ಕ್ಕೆ. ರಾಮಾಚಾರಿಯನ್ನು ಜನ ಮನೆಗೆ ಕರೆದುಕೊಂಡದ್ದು 1973ರಲ್ಲಿ. ಅಲ್ಲಿಗೆ ನಮ್ಮ ಅತಿ ಹಳೆಯ ಜಗಳವೇ ಎರಡು ಬೇರೆ ವರ್ಷಗಳ ನಡುವಿನದಾಯಿತು! ‘ಮುಂಗಾರು ಮಳೆ’ 2006ರ ಡಿಸೆಂಬರ್ 29, ‘ಕಿರಿಕ್ ಪಾರ್ಟಿ’ 2016ರ ಡಿಸೆಂಬರ್ 30, ‘ಕಾಟೇರ’ 2023ರ ಡಿಸೆಂಬರ್ 29. ವರ್ಷದ ಕೊನೆಯ ಶುಕ್ರವಾರ ನಮ್ಮವರಿಗೆ ಅಷ್ಟು ಪ್ರೀತಿ. ‘ಮುಂಗಾರು ಮಳೆ’ಯನ್ನು 2006ಕ್ಕೆ ಕೊಟ್ಟರೆ ಅದಕ್ಕೆ ಎದುರಾಳಿಯೇ ಇಲ್ಲ. 2007ರಲ್ಲಿಟ್ಟರೆ ಫೆಬ್ರುವರಿಯಲ್ಲಿ ಬಂದ ಸೂರಿಯ ‘ದುನಿಯಾ’ ಎದುರು ನಿಲ್ಲುತ್ತದೆ, ‘ಆ ದಿನಗಳು’ ನಿಲ್ಲುತ್ತದೆ. ಮಳೆಯಲ್ಲಿ ನೆನೆಯುವ ಪ್ರೀತಿಯೂ ಕಲ್ಲುಕ್ವಾರಿಯಿಂದ ಬಂದ ಬಡವನ ಪ್ರೀತಿಯೂ ಒಂದೇ ಊರಿನ ಪ್ರೇಕ್ಷಕರನ್ನು ಒಂದೇ ಕಾಲಕ್ಕೆ ಹಿಡಿದವು ಎಂಬುದು ಆಗಷ್ಟೇ ಗೋಚರವಾಗುತ್ತದೆ. ನನ್ನ ಮಟ್ಟಿಗೆ 2007 ಕನ್ನಡ ಸಿನಿಮಾದ ತಿರುವಿನ ವರ್ಷ, 2006 ಎಂದು ಬರೆಯುವವರು ತೇದಿಯನ್ನಷ್ಟೇ ನೋಡಿದ್ದಾರೆ.

ಪ್ರಶಸ್ತಿ ಪಡೆದ ಚಿತ್ರಗಳ ಗೊಂದಲ ಇನ್ನೂ ಜಟಿಲ. ರಾಷ್ಟ್ರಪ್ರಶಸ್ತಿ ಸೆನ್ಸಾರ್ ಪತ್ರದ ವರ್ಷವನ್ನು ಹಿಡಿಯುತ್ತದೆ. ‘ತಿಥಿ’ ಲೊಕಾರ್ನೊದಲ್ಲಿ ಗೆದ್ದದ್ದು 2015ರಲ್ಲಿ, ಮಂಡ್ಯದ ಜನ ಅದನ್ನು ತೆರೆಯ ಮೇಲೆ ಕಂಡದ್ದು 2016ರಲ್ಲಿ. ‘ಶಿವಮ್ಮ ಯರೇಹಂಚಿನಾಳ’ ಬುಸಾನಿನಲ್ಲಿ ಗೆದ್ದದ್ದು 2022ರಲ್ಲಿ, ಇಲ್ಲಿ ಬಿಡುಗಡೆಯಾದದ್ದು 2024ರಲ್ಲಿ. ನಮ್ಮ ಜನ ನೋಡಿದ ವರ್ಷವೇ ಆ ಚಿತ್ರದ ವರ್ಷ ಎಂಬ ಅಭಿಮಾನಿಗಳ ನಿಯಮ ಸರಿಯಾದದ್ದು, ತೀರ್ಪುಗಾರರ ಮಂಡಳಿಗಳಿಗಿಂತ ನ್ಯಾಯವಾದದ್ದು.

2018ರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಕಗ್ಗದಾಸಪುರದಲ್ಲಿ ಕುಳಿತು ವಾದಿಸಲು ಅದಕ್ಕಿಂತ ಒಳ್ಳೆಯ ವರ್ಷ ಸಿಗಲಾರದು. ಇಲ್ಲಿ ಈಗ ಒಂದೇ ಕಟ್ಟಡದಲ್ಲಿ ಐದು ಭಾಷೆಯ ಮನೆಗಳಿವೆ. ಬಾಗ್ಮನೆ ಟೆಕ್ ಪಾರ್ಕಿಗೆ ಹೋಗಿಬರುವ ಹುಡುಗ ಹುಡುಗಿಯರು ಮಲ್ಲೇಶಪಾಳ್ಯದವರೆಗೂ ತುಂಬಿದ್ದಾರೆ. ತಮಿಳರು ‘ಪರಿಯೇರುಂ ಪೆರುಮಾಳ್’ ತರುತ್ತಾರೆ, ‘96’ ತರುತ್ತಾರೆ. ಮಲಯಾಳಿಗಳು ‘ಈ.ಮ.ಯೌ.’, ‘ಸುಡಾನಿ ಫ್ರಮ್ ನೈಜೀರಿಯಾ’ ಎನ್ನುತ್ತಾರೆ. ತೆಲುಗಿನವರಿಗೆ ‘ರಂಗಸ್ಥಲಂ’, ‘ಮಹಾನಟಿ’. ಹಿಂದಿಯವರಿಗೆ ‘ತುಂಬಾಡ್’, ‘ಅಂಧಾಧುನ್’. ಇಂಥ ಸಭೆಯಲ್ಲಿ ಕನ್ನಡದವನು ಏನಿಡುತ್ತಾನೆ? ಬಹುತೇಕರು ಥಟ್ಟನೆ ‘ಕೆಜಿಎಫ್’ ಎನ್ನುತ್ತಾರೆ, ಉಳಿದವರೂ ಒಪ್ಪಿ ತಲೆದೂಗುತ್ತಾರೆ, ಮಾತು ಅಲ್ಲಿಗೇ ನಿಂತುಬಿಡುತ್ತದೆ. ಇದು ನನಗೆ ನೋವಿನ ವಿಷಯ. ಅದೇ ವರ್ಷ ಸೂರಿಯ ‘ಟಗರು’ ಕಾಲದ ಕ್ರಮವನ್ನೇ ಕಲಸಿ ಕಥೆ ಹೇಳಿತ್ತು, ಧನಂಜಯ ಅವರ ಡಾಲಿ ಅದರಲ್ಲೇ ಹುಟ್ಟಿದ. ಮಾಹಿತಿ ಕಳ್ಳತನದ ಮೇಲೆ ಜನಾರ್ದನ ಚಿಕ್ಕಣ್ಣ ತೆಗೆದ ‘ಗುಳ್ಟೂ’ ಇದೇ ಟೆಕ್ ಪಾರ್ಕುಗಳ ಊರಿನ ಕಥೆ. ಗಡಿಯಾಚೆಯ ಕನ್ನಡ ಶಾಲೆಯ ಅಳಲನ್ನು ರಿಷಬ್ ಶೆಟ್ಟಿ ಕಾಸರಗೋಡಿನಿಂದ ತಂದರು. ಸತ್ಯಪ್ರಕಾಶ್ ಅವರ ‘ಒಂದಲ್ಲಾ ಎರಡಲ್ಲಾ’ದಲ್ಲಿ ಮಗುವೊಂದು ಕಳೆದುಹೋದ ಹಸುವನ್ನು ಹುಡುಕುತ್ತ ಒಂದು ಪೇಟೆಯ ಮತಧರ್ಮಗಳನ್ನೆಲ್ಲ ದಾಟಿಬಿಡುತ್ತದೆ.

ಇನ್ನೊಂದನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ. ‘ಕೆಜಿಎಫ್’ ಡಿಸೆಂಬರ್ 21ಕ್ಕೆ ಬಂತು. ಸರಿಯಾಗಿ ಒಂದು ವಾರಕ್ಕೆ, 28ಕ್ಕೆ, ಮಂಸೋರೆಯವರ ‘ನಾತಿಚರಾಮಿ’ ಬಂತು. ಗಂಡನನ್ನು ಕಳೆದುಕೊಂಡ, ಕೆಲಸಕ್ಕೆ ಹೋಗುವ, ದೇಹದ ಆಸೆಯನ್ನು ಬಚ್ಚಿಟ್ಟುಕೊಳ್ಳಲೊಲ್ಲದ ಹೆಣ್ಣಿನ ಕಥೆ ಅದು. ಬಿಂದುಮಾಲಿನಿಯವರ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಕನ್ನಡದ ಶ್ರೇಷ್ಠ ಚಿತ್ರವೆಂಬ ಮನ್ನಣೆಯೂ ಬಂತು. ಆದರೆ ಆ ವಾರ ತೆರೆಗಳೆಲ್ಲ ಕೋಲಾರದ ಚಿನ್ನದಲ್ಲಿ ಮುಳುಗಿದ್ದವು. ಅದೇ ಡಿಸೆಂಬರ್ 31ಕ್ಕೆ ನಮ್ಮ ರೆಕ್ಸ್ ಕೂಡ ಮುಚ್ಚಿತು. 2018ಕ್ಕೆ ನನ್ನ ಆಯ್ಕೆ ‘ನಾತಿಚರಾಮಿ’. ‘ಕೆಜಿಎಫ್’ನ ತಾಯಿ ಸಾಯುವಾಗ ಮಗನಿಗೆ ಸಾಮ್ರಾಜ್ಯದ ಕನಸು ಬಿಟ್ಟುಹೋಗುತ್ತಾಳೆ. ‘ನಾತಿಚರಾಮಿ’ಯ ಗೌರಿ ಬದುಕಿದ್ದಾಳೆ, ತನಗೇನು ಬೇಕೆಂದು ತಾನೇ ಕೇಳಿಕೊಳ್ಳುತ್ತಾಳೆ. ನಮ್ಮ ಕಟ್ಟಡದ ಮೆಟ್ಟಿಲಲ್ಲಿ ದಿನಾ ಎದುರಾಗುವ ಹೆಣ್ಣುಮಕ್ಕಳು ಈ ಎರಡನೆಯ ಚಿತ್ರದಲ್ಲಿ ಕಾಣುತ್ತಾರೆ.

ಇಲ್ಲೇ ಈ ಪರಂಪರೆಯ ದೊಡ್ಡ ಲೋಪವಿದೆ. ವರ್ಷದ ವಾದ ನಡೆಯುವ ಜಾಗಗಳು ಟೀ ಅಂಗಡಿ, ಕಾರ್ಖಾನೆಯ ಕ್ಯಾಂಟೀನು, ರೈಲ್ವೆ ಗೇಟು ಹಾಕಿದಾಗ ಸಾಲುಗಟ್ಟುವ ಬೈಕುಗಳ ನಡುವಿನ ಬಿಡುವು, ಎಲ್ಲವೂ ಗಂಡಸರವು. ಪುಟ್ಟಣ್ಣನವರ ಚಿತ್ರಗಳಿಗೆ ಮಧ್ಯಾಹ್ನದ ಆಟ ತುಂಬಿಸಿದ ಹೆಂಗಸರು ಯಾವ ವರ್ಷಕ್ಕೆ ಯಾವುದನ್ನು ಆರಿಸಿದ್ದರೆಂದು ಯಾರೂ ಕೇಳಿ ಬರೆದಿಟ್ಟಂತಿಲ್ಲ. 2016ರ ಮಾತು ಬಂದರೆ ‘ತಿಥಿ’, ‘ಯು ಟರ್ನ್’, ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಬರುತ್ತವೆ. ಸುಮನಾ ಕಿತ್ತೂರು ಅವರ ‘ಕಿರಗೂರಿನ ಗಯ್ಯಾಳಿಗಳು’ ಬರಲು ಯಾರಾದರೂ ನೆನಪಿಸಬೇಕು. 2019ಕ್ಕೆ ರೂಪಾ ರಾವ್ ಅವರ ‘ಗಂಟುಮೂಟೆ’ಯ ಗತಿಯೂ ಅದೇ. ಶಾಲೆಯ ಹುಡುಗಿಯೊಬ್ಬಳ ಕಣ್ಣಿನಿಂದ ಪ್ರೀತಿಯನ್ನು ಅಷ್ಟು ನಿಜವಾಗಿ ಕಂಡ ಚಿತ್ರ ಆ ವರ್ಷ ಬೇರೊಂದಿರಲಿಲ್ಲ.

ಇನ್ನು ನೋಡಲು ಸಿಗದ ಚಿತ್ರಗಳ ಮಾತು. ಹಳೆಯ ವರ್ಷಗಳ ಆಯ್ಕೆಯನ್ನು ನಾವು ಮಾಡಿದೆವೆಂದು ಎಷ್ಟೇ ಅಂದುಕೊಂಡರೂ, ಬಹಳಷ್ಟನ್ನು ಮಾಡಿದ್ದು ಭಾನುವಾರದ ದೂರದರ್ಶನ ಮತ್ತು 1994ರ ನಂತರ ಉದಯ ಟಿವಿ. 1976ಕ್ಕೆ ‘ಪ್ರೇಮದ ಕಾಣಿಕೆ’, ‘ಬಡವರ ಬಂಧು’ ನೋಡಿದವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಲಂಕೇಶರಿಗೆ ಶ್ರೇಷ್ಠ ನಿರ್ದೇಶಕ ರಾಷ್ಟ್ರಪ್ರಶಸ್ತಿ ತಂದ ‘ಪಲ್ಲವಿ’ ನೋಡಿದವರು ಬಡಾವಣೆಗೆ ಒಬ್ಬರು ಸಿಕ್ಕರೆ ಹೆಚ್ಚು. ನೋಡದೆ ಹೋಲಿಸುವುದು ಹೇಗೆ? ಹಾಗಾಗಿ ಆ ವರ್ಷದ ತೀರ್ಪು ಇನ್ನೂ ಬಾಕಿ ಎಂದೇ ನಾನು ಹೇಳುತ್ತೇನೆ.

1977ರ ಮೊಕದ್ದಮೆ ಮಾತ್ರ ಈಗ ಮತ್ತೆ ತೆರೆದಿದೆ. ಬಿಸ್ಮಿಲ್ಲಾ ಖಾನರ ಶಹನಾಯಿ ತುಂಬಿದ ‘ಸನಾದಿ ಅಪ್ಪಣ್ಣ’, ‘ಬಭ್ರುವಾಹನ’, ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ ಮೂರೂ ಆ ವರ್ಷದವು. ಕಾಸರವಳ್ಳಿಯವರ ನಾಲ್ಕು ಸ್ವರ್ಣಕಮಲಗಳಲ್ಲಿ ಮೊದಲನೆಯದನ್ನು ತಂದ ‘ಘಟಶ್ರಾದ್ಧ’ದ ಸವೆದ ಪ್ರತಿಯಲ್ಲಿ ಎಸ್. ರಾಮಚಂದ್ರ ಅವರ ಕತ್ತಲು ಬೆಳಕು ಅರ್ಧ ಮಾತ್ರ ಉಳಿದಿತ್ತು. ಆ ಚಿತ್ರ ದುರಸ್ತಿಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆ ಕಂಡಿತು. ಆ ಪ್ರತಿ ಹಲಸೂರಿನ ಒಂದು ಚಿತ್ರಮಂದಿರಕ್ಕೆ ಒಂದು ವಾರದ ಮಟ್ಟಿಗಾದರೂ ಬರಲಿ. ಬಿ.ವಿ. ಕಾರಂತರ ಸಂಗೀತವನ್ನು ದೊಡ್ಡ ಸ್ಪೀಕರುಗಳಲ್ಲಿ ಕೇಳಿ, ಯಮುನಕ್ಕನ ಜೊತೆ ಕೊನೆಯವರೆಗೂ ನಿಂತ ನಾಣಿಯ ಮುಖವನ್ನು ದೊಡ್ಡ ತೆರೆಯಲ್ಲಿ ಕಂಡು ಹೊರಬಂದವರ ಜೊತೆ ನಾನು ಅಪ್ಪಣ್ಣನ ಪರವಾಗಿ ವಾದಿಸಲೂ ಸಿದ್ಧ.